ಬಲಕ್ಕೆ ಬಿದ್ದ ಹೂವು

ಎಲ್ಲ ಶುರುವಾದದ್ದು ಒಂದು ಕಣಗಿಲ ಹೂವಿನಿಂದ.

ಸೇಡಂನ ಸುಮಧ್ವನಿಗೆ ಗುಲಬರ್ಗಾದ ಕಾಲೇಜೊಂದರಲ್ಲಿ ಎಂಬಿಎ ಸೀಟು ಗಟ್ಟಿಯಾಗಿತ್ತು. ಮನಸ್ಸು ಮಾತ್ರ ಹೈದರಾಬಾದಿನ ದೊಡ್ಡ ಬಿಸಿನೆಸ್ ಸ್ಕೂಲಿನ ಮೇಲಿತ್ತು. ಅಲ್ಲಿಗೂ ಅರ್ಜಿ ಹಾಕಿದ್ದ. ಖಂಡಿತ ಸೇರುತ್ತೇನೆಂದು ಎಲ್ಲರಿಗಿಂತ ಮೊದಲು ಮಾತು ಕೊಟ್ಟವರಿಗೆ ಅಲ್ಲಿ ಸೀಟು ಸಿಗುವ ಸಾಧ್ಯತೆ ಹೆಚ್ಚು. ಆದರೆ ಮಾತು ಕೊಟ್ಟವರು ಬೇರೆ ಸೀಟು ಬಿಡಬೇಕು, ಆರಿಸಿದರೆ ಸೇರಲೇಬೇಕು. ಅದಕ್ಕೆ ಅವತ್ತೇ ಕಡೇ ದಿನ.

"ಹನುಮಪ್ಪಗ ಹೂ ಕೇಳೂಣು ನಡಿ. ಬಲಕ್ಕ ಬಿದ್ರ ಹೈದರಾಬಾದಿಗೆ ಹೂಂ ಅನ್ನು, ಎಡಕ್ಕ ಬಿದ್ರ ಸುಮ್ನ ಗುಲಬರ್ಗಾಕ್ಕ ಹೋಗು," ಎಂದಳು ಅವನನ್ನು ಸಾಕಿದ ಭಾಮಾ ಅತ್ತಿ.

ಗುಡಿಯ ದಾರಿಯಲ್ಲಿ ಊರ ಸಾಹುಕಾರ ನಾಗೇಂದ್ರಪ್ಪನ ಪಾಳುಬಿದ್ದ ಗೋದಾಮು; ನೆಲಕ್ಕೆ ಹಾಸುವ ಪರಸಿಕಲ್ಲು ಇಡುತ್ತಿದ್ದ ಜಾಗ. ಹಿಂದೆ ಅಲ್ಲಿ ದಿನಾ ಕೂಲಿಗಳ ಹಾಜರಿ ಕೂಗುತ್ತಿದ್ದರು. ಕಲ್ಲು ಕುಸಿದು ಒಬ್ಬ ಕೂಲಿ ಸತ್ತ ಮೇಲೆ, ಹೊರಗೆ ಯಾರ ಹೆಸರು ಕೂಗಿದರೂ ಒಳಗಿನಿಂದ ಅವನೇ ಓಗೊಡುತ್ತಾನೆಂದು ಊರ ಮಾತು. ಸುಮಧ್ವ ಅದನ್ನು ನಂಬುತ್ತಿರಲಿಲ್ಲ. ಅವನ ಕಾಲುಗಳು ನಂಬುತ್ತಿದ್ದವು. ಅಲ್ಲಿಗೆ ಬಂದ ಕೂಡಲೇ ಜೋರಾಗುತ್ತಿದ್ದವು.

"ಸುಮಧ್ವಾ, ನಿಲ್ಲೋ!" ಹಿಂದುಳಿದ ಅತ್ತಿ ಕೂಗಿದಳು.

"ಬಂದೇ..."

ಸುಮಧ್ವ ಬಾಯಿ ತೆರೆದಿರಲಿಲ್ಲ. ದನಿ ಬಂದದ್ದು ಬೀಗ ಹಾಕಿದ ತಗಡಿನ ಬಾಗಿಲ ಹಿಂದಿನಿಂದ. ಒದ್ದೆ ಗೋಣಿಚೀಲದೊಳಗಿಂದ ಬಂದ ಹಾಗಿತ್ತು.

"ಯಾಕೋ, ದನಿ ಹಿಂಗ ಬಿದ್ದದ? ನೆಗಡಿ ಆಗ್ಯದೇನು?" ಎಂದಳು ಅತ್ತಿ.

ಗುಡಿಯಲ್ಲಿ ನಾಗೇಂದ್ರಪ್ಪ ಆಗಲೇ ಕೈಮುಗಿದು ನಿಂತಿದ್ದ. ಪೂಜಾರಿ ಪ್ರಾಣೇಶಾಚಾರ್ರು ಹನುಮಪ್ಪನ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ, "ಮನಸಿನ್ಯಾಗ ಕೇಳ್ರಿ. ಬಾಯಿ ಬಿಡಬ್ಯಾಡ್ರಿ," ಎಂದರು.

ಸುಮಧ್ವ, ಅತ್ತಿ, ನಾಗೇಂದ್ರಪ್ಪ ಮೂವರೂ ಕಣ್ಣು ಮುಚ್ಚಿದರು. ಗಾಳಿ ಇರಲಿಲ್ಲ. ಆದರೂ ದೀಪ ಯಾರೋ ಪಕ್ಕದಲ್ಲಿ ಹಾದುಹೋದಂತೆ ಬಾಗಿತು. ಬಲಗಡೆಯ ಹೂವು ಟಪ್ಪೆಂದು ಬಿತ್ತು. ಮೂರು ಕೈ ಒಟ್ಟಿಗೇ ಚಾಚಿದವು. ಹೂವು ಸಿಕ್ಕಿದ್ದು ಸುಮಧ್ವನಿಗೆ.

ಅವನು ಓಡಿದ್ದು ಗೋದಾಮಿನ ಎದುರಿನ ಗುಲ್ಶನ್‌ನ ಎಸ್‌ಟಿಡಿ ಬೂತಿಗೆ. ಗುಲಬರ್ಗಾಕ್ಕೆ ಫೋನ್ ಮಾಡಿ ಸೀಟು ಬಿಟ್ಟ. ಹೈದರಾಬಾದಿಗೆ ಫೋನ್ ಮಾಡಿ ಮಾತು ಕೊಟ್ಟ. ಸಂಜೆ ತಿಳಿಸುತ್ತೇವೆ ಎಂದರು. ಹಿಂದೆ ತಿರುಗಿದರೆ ನಾಗೇಂದ್ರಪ್ಪ.

"ಆ ಸಾಲಿ ನಂಬರ್ ಕೊಡೋ ತಮ್ಮಾ. ನಿನ್ನ ಸಲುವಾಗಿ ನಾನೂ ಒಂದು ಮಾತು ಹೇಳ್ತೀನಿ."

"ಬ್ಯಾಡ್ರಿ ಕಾಕಾ, ಕೆಲಸ ಕೆಡ್ತದ."

"ಹಿರೇರು ಅದಾರ, ಹೇಳ್ಲಿ ಬಿಡ್ರಿ," ಎಂದ ಗುಲ್ಶನ್, ತಾನೇ ಆ ನಂಬರು ಒತ್ತಿ ರಿಸೀವರ್ ನಾಗೇಂದ್ರಪ್ಪನ ಕೈಗಿತ್ತ. ನಾಗೇಂದ್ರಪ್ಪ ಗಾಜಿನ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದ. ಸುಮಧ್ವ ಹೊರಗೆ ನಿಂತು, ಆಪರೇಷನ್ ಕೋಣೆಯ ಮುಂದೆ ನಿಂತ ನೆಂಟನಂತೆ ಬೆವರಿದ.

ಸಂಜೆ ಸಿಮೆಂಟ್ ಧೂಳಿನಲ್ಲಿ ಬೀದಿ ಬೂದಿಯ ಬಣ್ಣಕ್ಕೆ ತಿರುಗಿದಾಗ ಫೋನ್ ಬಂತು. ಆಯ್ಕೆಯಾಗಿತ್ತು! ಸುಮಧ್ವ ನೆಗೆದ ನೆಗೆತಕ್ಕೆ ಬೂತಿನ ಬಲ್ಬು ಅಲ್ಲಾಡಿತು. ಆಮೇಲೆ ಆ ಕಡೆಯವರು ಹಿಂದಿಯಲ್ಲಿ ಹೇಳಿದ್ದು ಕೇಳುತ್ತಾ ಕೇಳುತ್ತಾ ಅವನ ಮುಖ ಇಳಿಯಿತು. ಅವರ ಹೊಸ ಶಾಖೆ ಸೇಡಂನಲ್ಲೇ ಶುರುವಾಗುತ್ತಿತ್ತು. ಕಟ್ಟಡ ಅವತ್ತೇ ಫೋನಿನಲ್ಲಿ ನಿಗದಿಯಾಗಿತ್ತು: ನಾಗೇಂದ್ರಪ್ಪನ ಗೋದಾಮು. ಸೇಡಂನವನಾದ್ದರಿಂದ ಅವನನ್ನು ಅಲ್ಲಿಗೇ ಹಾಕಿದ್ದರು. ಸದ್ಯಕ್ಕೆ ಅಲ್ಲಿ ಅವನೊಬ್ಬನೇ ವಿದ್ಯಾರ್ಥಿ. ಒಲ್ಲೆ ಎನ್ನಲು ಹೋದ; ಮಾತು ಕೊಟ್ಟಿದ್ದೀರಿ ಎಂದು ನೆನಪಿಸಿ ಫೋನ್ ಇಟ್ಟರು.

"ಕಾಕಾ, ಮುಂಜಾನೆ ನೀವು ಹನುಮಪ್ಪಗ ಏನ್ ಕೇಳಿದ್ರಿ?" ಎಂದ ಸುಮಧ್ವ, ಬೂತಿನ ಬಾಗಿಲಲ್ಲಿ ಪೇಢೆ ಹಂಚುತ್ತಿದ್ದ ನಾಗೇಂದ್ರಪ್ಪನಿಗೆ.

"ಗೋದಾಮಿಗೆ ಬಾಡಿಗಿಯವರು ಬರ್ತಾರೇನಂತ."

"ನೀನು, ಅತ್ತಿ?"

ಸುದ್ದಿ ಕೇಳಿ ಬಂದಿದ್ದ ಅತ್ತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಹುಡುಗ ಊರು ಬಿಟ್ಟು ಹೋಗಬಾರದಂತ ಕೇಳಿದ್ದೆ. ಒಂದೇ ಹೂವಿನ್ಯಾಗ ಮೂರೂ ಮಂದಿಗೆ ಕೊಟ್ಟ ನೋಡೋ!"

ಅಡಿಗೆ ನೆನಪಾಗಿ ಅವಳು ಮನೆಗೆ ಹೊರಟಳು.

"ಆ ಗೋದಾಮಿನ್ಯಾಗ ಒಬ್ಬರೇ ಹ್ಯಾಂಗ ಕುಂದರ್ತೀರಿ ಭಾಯ್?" ಎಂದ ಗುಲ್ಶನ್.

ಅಷ್ಟರಲ್ಲಿ ಬೀದಿಯ ತುದಿಯಿಂದ ಅತ್ತಿ ಕೂಗಿದಳು, "ಸುಮಧ್ವಾ, ಊಟಕ್ಕ ಬಾರೋ!"

ಸುಮಧ್ವ ಹಲ್ಲು ಕಚ್ಚಿ ಬಾಯಿ ಬಿಗಿಹಿಡಿದ.

"ಬಂದೇ..." ಎಂದಿತು ಎದುರಿನ ಗೋದಾಮು. ಈ ಸಲ ದನಿಯಲ್ಲಿ ಖುಷಿಯಿತ್ತು.