ಖಾಲಿ ಟ್ರೇಲರಿನ ತೂಕ

ಆ ಶುಕ್ರವಾರ ಬೆಳಿಗ್ಗೆ ರೇನೊ ಲಂಪಿನೆನ್ ಬಾಯಿ ಮುಚ್ಚಿಕೊಂಡು ಇನ್ನೂರು ಡಾಲರ್ ಕೊಟ್ಟುಬಿಟ್ಟಿದ್ದರೆ ಒಂಬತ್ತೂವರೆಗೆಲ್ಲ ಮನೆಯಲ್ಲಿರುತ್ತಿದ್ದ. ಆದರೆ ಜೇಬಿಗೆ ಹೋದ ಕೈ ಅಲ್ಲೇ ನಿಂತುಬಿಟ್ಟಿತು.

"ಇನ್ನೂರಾ? ವರ್ಷದಲ್ಲಿ ಹನ್ನೊಂದು ತಿಂಗಳು ಹುಲ್ಲಲ್ಲಿ ಬಿದ್ದಿರೋ ಟ್ರೇಲರಿಗಾ?"

ವಾಹನ ನೋಂದಣಿ ಕಚೇರಿಯ ಲೊರೇನ್ ಕನ್ನಡಕದ ಮೇಲಿಂದ ಕಿಟಕಿಯಾಚೆ ನೋಡಿದಳು. ರೇನೊನ ಮಾವ ನಲವತ್ತು ವರ್ಷದ ಹಿಂದೆ ಸಿಕ್ಕಸಿಕ್ಕ ಕಬ್ಬಿಣಕ್ಕೆಲ್ಲ ಬೆಸುಗೆ ಹಾಕಿ ಮಾಡಿದ ದೋಣಿ ಸಾಗಿಸುವ ಟ್ರೇಲರ್ ಅಲ್ಲಿ ನಿಂತಿತ್ತು.

"ಖಾಲಿ ತೂಕ ಎರಡೂವರೆ ಸಾವಿರ ಪೌಂಡಿಗಿಂತ ಕಮ್ಮಿ ಇದ್ರೆ ಎಪ್ಪತ್ತೈದು, ಜಾಸ್ತಿ ಇದ್ರೆ ಇನ್ನೂರು. ಕಣ್ಣಳತೇಲಿ ನೋಡಿದ್ರೆ ಇದು ಇನ್ನೂರರದ್ದೇ. ಇಲ್ಲ ಅಂತೀಯಾ, ತೂಕ ಹಾಕಿಸಿ ಚೀಟಿ ತಗೊಂಡು ಬಾ. ಐದು ಗಂಟೆಗೆ ಬಾಗಿಲು ಹಾಕ್ತೀನಿ."

"ತರ್ತೀನಿ ನೋಡ್ತಿರು," ಅಂದ ರೇನೊ.

ಮಾರನೆಯ ದಿನ ಹೆಂಡತಿ ಈರ್ಯಾಗೆ ಅರವತ್ತು ತುಂಬುತ್ತಿತ್ತು. ಅವಳು ಕೇಳಿದ್ದು ಒಂದೇ. ಸುಪೀರಿಯರ್ ಸರೋವರದಲ್ಲಿ, ದಡಕ್ಕೆ ಹತ್ತಿರವೇ, ಅವಳಪ್ಪ ಮೀನು ಹಿಡಿಯಲು ಗುಡಿಸಲು ಕಟ್ಟಿದ್ದ ಪುಟ್ಟ ದ್ವೀಪಕ್ಕೆ ಹೋಗಬೇಕು, ಅಲ್ಲಿ ಕೂತು ಕಾಫಿ ಕುಡಿಯಬೇಕು. ಹೋದ ವರ್ಷವೂ ಹೊರಟಿದ್ದರು. ಟ್ರೇಲರಿಗೆ ನಂಬರ್ ಪ್ಲೇಟಿಲ್ಲ ಅಂತ ಪೊಲೀಸರು ಅರ್ಧ ದಾರಿಯಿಂದ ವಾಪಸು ಕಳಿಸಿದ್ದರು. ಈ ಸಲ ಈರ್ಯಾ ಪ್ಲೇಟಿನ ಮಾತು ಎತ್ತಿರಲಿಲ್ಲ. ಸೋಮವಾರವೇ ತನ್ನ ಹುಲ್ಲಿನ ಟೋಪಿಯನ್ನು ತಂದು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದಳು, ಅಷ್ಟೆ. ಹೋಗುವಾಗ ಬರುವಾಗ ರೇನೊನ ಕಣ್ಣಿಗೆ ಅದೇ ಬೀಳುತ್ತಿತ್ತು.

ಊರಲ್ಲಿ ದೊಡ್ಡ ತಕ್ಕಡಿ ಇದ್ದದ್ದು ಆರ್ವಿಡ್‌ನ ಗುಜರಿ ಅಂಗಳದಲ್ಲಿ ಮಾತ್ರ. ರೇನೊ ಒಬ್ಬನೇ ಹೋಗಬೇಕು ಅಂದುಕೊಂಡಿದ್ದ. ಪಕ್ಕದ ಮನೆಯ ವೆಸ್ಲಿ ಬೇಲಿ ದಾಟಿ ಬಂದು ಟ್ರಕ್ ಹತ್ತಿದ. "ತೂಕದ ವಿಷಯ ನಿನಗೇನಪ್ಪ ಗೊತ್ತು? ನಾನು ಗಣಿಯಲ್ಲಿ ಮೂವತ್ತು ವರ್ಷ ಇದ್ದೋನು." ಈರ್ಯಾಳ ತಮ್ಮ ಒನ್ನಿಯೂ ಬಂದ. "ನಮ್ಮಪ್ಪ ಮಾಡಿದ ಟ್ರೇಲರು ಭಾವ, ನಾನಿಲ್ಲದೆ ಹೆಂಗೆ?" ಈರ್ಯಾ ಮೂವರಿಗೂ ಸಾಲುವಷ್ಟು ಕಾಫಿ ಫ್ಲಾಸ್ಕಿಗೆ ತುಂಬಿ, ಏಲಕ್ಕಿ ಬ್ರೆಡ್ಡಿನ ಎರಡು ಉಂಡೆ ಬುಟ್ಟಿಗಿಟ್ಟು ಕಳಿಸಿದಳು. ಆ ಕಡೆಯ ಜನರಿಗೆ ಕಾಫಿಯಿಲ್ಲದೆ ಯಾವ ಕೆಲಸವೂ ಶುರುವಾಗುವುದಿಲ್ಲ, ಶುರುವಾದದ್ದು ಮುಗಿಯುವುದೂ ಇಲ್ಲ.

ಟ್ರೇಲರನ್ನು ಟ್ರಕ್ಕಿಂದ ಬಿಡಿಸಿ ತಕ್ಕಡಿಯ ಹಲಗೆಯ ಮೇಲೆ ತಳ್ಳಿದರು. ಆರ್ವಿಡ್ ತನ್ನ ಗೂಡಿನೊಳಗೆ ಹೋದ. ಗೂಡಿನ ಕಿಟಕಿ ಇದ್ದದ್ದು ರಸ್ತೆ ಕಡೆಗೆ, ತಕ್ಕಡಿ ಕಡೆಗಲ್ಲ. "ಮುಳ್ಳು ನಿಲ್ಲೋಕೆ ಹೊತ್ತು ಹಿಡಿಯುತ್ತೆ," ಅಂತ ಒಳಗಿಂದಲೇ ಕೂಗಿದ. ಹೊತ್ತು ಹಿಡಿಯುತ್ತೆ ಅಂದರೆ ಕಾಫಿ. ಮೂವರೂ ಟ್ರೇಲರಿನ ಹಲಗೆಗಳ ಮೇಲೆ ಸಾಲಾಗಿ ಕೂತು ಕಾಲು ಇಳಿಬಿಟ್ಟರು. ವೆಸ್ಲಿ ಬ್ರೆಡ್ ಮುರಿದ.

"ಎರಡು ಸಾವಿರದ ಎಂಟುನೂರ ಇಪ್ಪತ್ತು," ಅಂದ ಆರ್ವಿಡ್, ಚೀಟಿ ಹಿಡಿದು ಬಂದು.

ರೇನೊ ಲೋಟ ಕೆಳಗಿಟ್ಟ. "ನಿನ್ನ ತಕ್ಕಡಿ ಕೆಟ್ಟಿದೆ ಮಾರಾಯ."

"ಹೋದ ವಾರ ತಾನೇ ಪರೀಕ್ಷೆ ಆಗಿದೆ. ತಕ್ಕಡಿ ಸುಳ್ಳು ಹೇಳಲ್ಲ, ನಿನ್ನ ಮಾವನ ಕೈ ಭಾರ."

"ಬಿಚ್ಚು," ಅಂದ ವೆಸ್ಲಿ. "ಬೇಡದ್ದೆಲ್ಲ ಬಿಚ್ಚು. ಪ್ಲೇಟ್ ಬಂದ ಮೇಲೆ ಮತ್ತೆ ಜೋಡಿಸಿದ್ರಾಯ್ತು. ಯಾರು ನೋಡ್ತಾರೆ?"

ಹೆಚ್ಚುವರಿ ಚಕ್ರ ಬಿಚ್ಚಿದರು. ದೋಣಿ ಎಳೆಯುವ ರಾಟೆ ಬಿಚ್ಚಿದರು. ನಲವತ್ತು ವರ್ಷದ ತುಕ್ಕು ಹಿಡಿದ ಬೋಲ್ಟುಗಳು ಒಂದೊಂದೂ ಬೇಡಿಸಿಕೊಂಡೇ ಬಂದವು. "ಮೆತ್ತಗೆ ಭಾವ, ಅಪ್ಪ ಹಾಕಿದ್ದು," ಅಂತ ಒನ್ನಿ ಪ್ರತಿ ಬೋಲ್ಟಿಗೂ ಹೇಳಿದ. ಬಿಚ್ಚಿದ್ದನ್ನೆಲ್ಲ ಅಂಗಳದ ಮೂಲೆಯಲ್ಲಿ ಅಚ್ಚುಕಟ್ಟಾಗಿ ಜೋಡಿಸಿಟ್ಟು, ಸುಸ್ತಾಗಿ ಮತ್ತೆ ಟ್ರೇಲರಿನ ಮೇಲೆ ಕೂತರು. ಫ್ಲಾಸ್ಕಿನಲ್ಲಿ ಇನ್ನೂ ಕಾಫಿ ಇತ್ತು.

"ಎರಡು ಸಾವಿರದ ಏಳುನೂರ ಇಪ್ಪತ್ತು," ಅಂತ ಕೂಗು ಬಂತು.

"ಒಂದೂವರೆ ಗಂಟೆ ಒದ್ದಾಡಿದ್ದಕ್ಕೆ ನೂರೇ ಪೌಂಡಾ?" ರೇನೊಗೆ ಅಳು ಬರುವ ಹಾಗಾಯಿತು. ಇನ್ನೂರು ಕೊಟ್ಟುಬಿಡೋಣ ಅಂತ ಒಮ್ಮೆ ಅನ್ನಿಸಿತು. ಲೊರೇನಳ ಕನ್ನಡಕ ನೆನಪಾಗಿ ಸ್ಪ್ಯಾನರ್ ಎತ್ತಿಕೊಂಡ.

ಊಟದ ಹೊತ್ತು ಹೋಯಿತು. ಚಕ್ರದ ಮೇಲಿನ ತಗಡುಗಳು ಹೋದವು. ದೋಣಿ ಕೂರುವ ಉದ್ದನೆಯ ಓಕ್ ಹಲಗೆಗಳು ಹೋದವು. ಮೂರೂವರೆ ಹೊತ್ತಿಗೆ ಟ್ರೇಲರ್ ಅನ್ನುವುದು ಎರಡು ಚಕ್ರದ ಮೇಲಿನ ಏಣಿಯಂತಾಗಿತ್ತು. ಕೂರುವುದಕ್ಕೂ ಸುಖವಿರಲಿಲ್ಲ. ಆದರೂ ಮೂವರೂ ಬರಿಯ ಕಬ್ಬಿಣದ ಮೇಲೆ ಹೇಗೋ ಕುಕ್ಕರಿಸಿ, ಎರಡನೇ ಬ್ರೆಡ್ಡಿನ ಕೊನೆಯ ತುಂಡು ಹಂಚಿಕೊಂಡು ಉಸಿರು ಹಿಡಿದು ಕಾದರು.

"ಎರಡು ಸಾವಿರದ ನಾನೂರ ತೊಂಬತ್ತು!"

ವೆಸ್ಲಿ ರೇನೊನ ಬೆನ್ನು ತಟ್ಟಿದ. "ನಾನು ಹೇಳಲಿಲ್ವಾ?"

ಐದಕ್ಕೆ ಹತ್ತು ನಿಮಿಷವಿದ್ದಾಗ ರೇನೊ ಚೀಟಿಯನ್ನು ಲೊರೇನಳ ಮುಂದಿಟ್ಟ. ಅವಳು ಎಪ್ಪತ್ತೈದು ತೆಗೆದುಕೊಂಡು ಫಳಫಳ ಹೊಳೆಯುವ ಪ್ಲೇಟ್ ಕೊಟ್ಟಳು. "ಗೆದ್ದೆ ಬಿಡಪ್ಪ," ಅಂದಳು. ಇಡೀ ದಿನದಲ್ಲಿ ರೇನೊ ನಕ್ಕದ್ದು ಆಗಲೇ.

ಬಿಚ್ಚಿದ್ದನ್ನು ತರಲು ಮೂವರೂ ಗುಜರಿ ಅಂಗಳಕ್ಕೆ ಮರಳಿದರು. ಮೂಲೆ ಗುಡಿಸಿಟ್ಟ ಹಾಗಿತ್ತು.

"ನನ್ನ ರಾಟೆ ಎಲ್ಲಿ ಆರ್ವಿಡ್? ಚಕ್ರ? ತಗಡು?"

ಆರ್ವಿಡ್ ಅಂಗಳದ ಕೊನೆಯಲ್ಲಿದ್ದ ಕಬ್ಬಿಣ ಜಜ್ಜುವ ಯಂತ್ರದ ಕಡೆ ಕೈ ತೋರಿಸಿದ. ಅಲ್ಲಿ ಪೆಟ್ಟಿಗೆಯಷ್ಟು ದೊಡ್ಡದೊಂದು ಕಬ್ಬಿಣದ ಉಂಡೆ ಕೂತಿತ್ತು. "ಗುಜರಿ ಅಂಗಳದಲ್ಲಿ ಕಬ್ಬಿಣ ಜೋಡಿಸಿಟ್ಟು ಹೋದ್ರೆ ಮಾರಿದ್ದೀರಿ ಅಂತ ಅಲ್ವಾ ಅರ್ಥ? ತಗೋ, ನಿನಗೆ ಬರಬೇಕಾದ ಹದಿನೆಂಟು ಡಾಲರು."

"ಓಕ್ ಹಲಗೆ?"

ಆರ್ವಿಡ್‌ನ ಮನೆಯ ಹಿಂದೆ ಸೌನಾ ಅನ್ನುವ ಹಬೆಸ್ನಾನದ ಕೋಣೆಯ ಚಿಮಣಿ ಬೆಳ್ಳಗೆ ಹೊಗೆಯಾಡುತ್ತಿತ್ತು. "ಹಳೇ ಓಕು, ಎಂಥ ಶಾಖ ಅಂತೀಯ. ಏಳು ಗಂಟೆಗೆ ಮೂರು ಜನಾನೂ ಸ್ನಾನಕ್ಕೆ ಬನ್ನಿ," ಅಂದ ಪ್ರೀತಿಯಿಂದ.

ಒನ್ನಿ ಟೋಪಿ ತೆಗೆದು ಎದೆಗಿಟ್ಟುಕೊಂಡ.

ಮನೆಯಲ್ಲಿ ಈರ್ಯಾ ಅಡುಗೆಮನೆಯ ಮೇಜಿನ ಮುಂದೆ ಕೂತು ಎಲ್ಲವನ್ನೂ ಕೇಳಿದಳು. ಬೈಯಲಿಲ್ಲ. ಉಳಿದಿದ್ದ ಮೊದಲ ಎರಡು ಚೀಟಿಗಳನ್ನು ಸಾಲಾಗಿಟ್ಟು ನೋಡಿದಳು. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಪಾರ್ಸಲ್ ತೂಗಿದವಳು ಅವಳು.

"ನಮ್ಮಪ್ಪ ಎರಡು ಸಾವಿರದ ಇನ್ನೂರು ಅಂತಿದ್ದ," ಅಂದಳು. "ಎಂಟುನೂರು ಹೆಂಗೆ ಬಂತು? ಆರ್ವಿಡ್ ತೂಗುವಾಗ ನೀವು ಏನು ಮಾಡ್ತಿದ್ರಿ?"

"ಕಾಫಿ ಕುಡೀತಿದ್ವಿ."

"ಎಲ್ಲಿ ಕೂತು?"

"ಟ್ರೇಲರಿನ ಮೇಲೆ," ಅಂದ ರೇನೊ. ವೆಸ್ಲಿ ತನ್ನ ಹೊಟ್ಟೆ ನೋಡಿಕೊಂಡ. ಒನ್ನಿ ಮೆಲ್ಲಗೆ ಬೆರಳು ಮಡಚತೊಡಗಿದ. "ಭಾವ ಇನ್ನೂರ ಮೂವತ್ತು, ನಾನು ಇನ್ನೂರ ಹತ್ತು, ವೆಸ್ಲಿ ನೂರ ಎಂಬತ್ತು..."

"ಆರುನೂರ ಇಪ್ಪತ್ತು," ಅಂದಳು ಈರ್ಯಾ. "ಬೆಳಿಗ್ಗೆ ಕೆಳಗಿಳಿದು ನಿಂತುಕೊಂಡು ಕಾಫಿ ಕುಡಿದಿದ್ರೆ ಹತ್ತೂವರೆಗೇ ಎಪ್ಪತ್ತೈದಕ್ಕೆ ಆಗ್ತಿತ್ತು."

ಅಂಗಳದಲ್ಲಿ ಮರದ ಸ್ಟ್ಯಾಂಡುಗಳ ಮೇಲೆ ಬಣ್ಣ ಹಚ್ಚಿಸಿಕೊಂಡು ಕಾಯುತ್ತಿದ್ದ ದೋಣಿಯ ಕಡೆ ಯಾರೂ ನೋಡಲಿಲ್ಲ.

ಬೆಳಿಗ್ಗೆ ಈರ್ಯಾಳ ಅಕ್ಕ ಹೆಲ್ಮಿ ತನ್ನ ಹುಟ್ಟು ಹಾಕುವ ಪುಟ್ಟ ದೋಣಿ ತಂದು ಸರೋವರದ ದಡದಲ್ಲಿ ನಿಲ್ಲಿಸಿದಳು. ಈರ್ಯಾ ಮೊಳೆಯಿಂದ ಟೋಪಿ ತೆಗೆದು ತಲೆಗಿಟ್ಟಳು. ರೇನೊ ಕಾಫಿ ಬುಟ್ಟಿ ಹೊತ್ತು ಹಿಂದೆಯೇ ದಡದವರೆಗೆ ಹೋದ, ಒಂದು ಕಾಲು ದೋಣಿಯೊಳಗಿಟ್ಟ. ದೋಣಿ ಆ ಕಡೆಗೆ ವಾಲಿತು.

"ಇಳಿ," ಅಂದಳು ಈರ್ಯಾ, ಬುಟ್ಟಿ ಮಾತ್ರ ಇಸಿದುಕೊಂಡು. "ಭಾರ ಆಗುತ್ತೆ."