ಇಪ್ಪತ್ತು ಎಂದರೆ ಇಪ್ಪತ್ತೇ

ಶಿರ್ವದಲ್ಲಿ ದೊಡ್ಡ ಮನೆ ಕಟ್ಟಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಮನೆಗೆ ಬುದ್ಧಿ ಕಲಿಸಿದವನು ಈ ಮ್ಯಾಕ್ಸಿಮ್ ಒಬ್ಬನೇ. ನಮ್ಮ ಬೋರ್‌ವೆಲ್ ಪಂಪು ಗಂಟೆಗೊಮ್ಮೆ ತಾನೇ ಏಳುತ್ತದೆ, ಹೇಳಿದಷ್ಟು ಹೊತ್ತು ಟ್ಯಾಂಕಿಗೆ ನೀರು ಹತ್ತಿಸಿ ತಾನೇ ಮಲಗುತ್ತದೆ. ನನ್ನ ರಾಜಾಜ್ಞೆಗಳೆಲ್ಲ ಒಂದು ಸೆಟ್ಟಿಂಗ್ಸ್ ಫೈಲಿನಲ್ಲಿವೆ. ಮಣಿಪಾಲದ ಆಫೀಸಿನಲ್ಲಿ ಹೊಸಬರಿಗೆ ನಾನು ಕಲಿಸುವುದೂ ಇದನ್ನೇ. ಫೈಲಿನಲ್ಲಿ ಬರೆದ ಪ್ರತಿಯೊಂದಕ್ಕೂ ಒಂದು ಜಾತಿ ಉಂಟು: ಇದು ಅಕ್ಷರ, ಇದು ಸಂಖ್ಯೆ, ಇದು ಹೌದು-ಅಲ್ಲ. (ಜಾತಿ ಕೇಳಿದರೆ ತಪ್ಪಿಲ್ಲದ ಜಾಗ ಅದೊಂದೇ.)

"ನಿಮ್ಮ ಫೈಲು ಕೈಕೊಟ್ಟರೆ ಎಂತ ಮಾಡುವುದು? ಒಂದು ಸ್ವಿಚ್ಚಾದರೂ ಇರಲಿ" ಎಂದಿದ್ದಳು ಹೆಂಡತಿ ಇಮೆಲ್ಡಾ. ಸ್ವಿಚ್ಚು ಅಪನಂಬಿಕೆಯ ಲಕ್ಷಣ ಎಂದು ಸಾರಿ, ಗೋಡೆಯಲ್ಲಿದ್ದದ್ದನ್ನೂ ಕೀಳಿಸಿದೆ.

ಮೊನ್ನೆ ಮಗಳು ಶಾರ್ಲೆಟ್‌ಳ ರೋಸ್. ಮದುವೆಯ ಮುನ್ನಾದಿನ ನಂಟರೆಲ್ಲ ಮದುಮಗಳ ತಲೆಗೆ ತೆಂಗಿನ ಹಾಲು ಸುರಿದು ಸ್ನಾನಕ್ಕೆ ಕಳಿಸುವ ನಮ್ಮವರ ಸಂಭ್ರಮ ಅದು. ಅಂಥ ದಿನ ಫೈಲೂ ಚಂದ ಕಾಣಬೇಡವೇ? ಬೆಳಿಗ್ಗೆ ತೆರೆದು ನೋಡಿದರೆ, ಪಂಪು ಓಡುವ ಅವಧಿಯ ಸಾಲಿನಲ್ಲಿ ಇಪ್ಪತ್ತರ ಹಿಂದೆ ‘ನಿಮಿಷ’ ಎಂಬ ಬಾಲ. ಸಂಖ್ಯೆಗೆ ಬಾಲವೇ! ಅದನ್ನು ಕತ್ತರಿಸಿ, ಮೀಸೆ ತಿರುವಿಕೊಂಡು ಅಂಗಳದಲ್ಲಿ ಕುರ್ಚಿ ಹಾಕಿಸಲು ಹೋದೆ.

ಸಂಜೆ ನನ್ನ ಅಕ್ಕ ಸೆವ್ರಿನ್ ಕೊನೆಯದಾಗಿ ಹಾಲು ಸುರಿದಾಗ ಮಗಳ ರೆಪ್ಪೆಯಿಂದಲೂ ಅದು ತೊಟ್ಟಿಕ್ಕುತ್ತಿತ್ತು. ಬಚ್ಚಲಿಗೆ ಕರೆದೊಯ್ದು ನಲ್ಲಿ ತಿರುಗಿಸಿದರೆ, ನಲ್ಲಿ ಕೆಮ್ಮಿತು. ಅಷ್ಟೇ.

"ಟ್ಯಾಂಕಿನಲ್ಲಿ ಒಂದು ಹನಿ ನೀರಿಲ್ಲ! ನಾಳೆ ಮದುವೆಗೆ ಇಗರ್ಜಿಗೆ ಇವಳನ್ನು ಹೀಗೆಯೇ ಕರ್ಕೊಂಡು ಹೋಗುವುದಾ?" ಎಂದು ಇಮೆಲ್ಡಾ ಕೂಗಿದಳು.

"ಪಂಪು ಓಡಿದೆ ಮಾರಾಯ್ತಿ, ನಾನೇ ಕೇಳಿದ್ದೇನೆ!"

"ನಾನೂ ಕೇಳಿದ್ದುಂಟು. ಗುರ್ ಅಂತ ಶುರು, ಅಲ್ಲಿಗೇ ಬಂದ್! ಬೆಳಿಗ್ಗೆಯಿಂದ ಅದೇ ಕಥೆ."

ಅಂಗಳದ ತುಂಬ ನಂಟರು, ಮಗಳ ಕೂದಲೆಲ್ಲ ಅಂಟಂಟು.

"ಡ್ಯಾಡಿ, ಆ ಫೈಲು ತೋರಿಸಿ ನೋಡುವ" ಎಂದಳು ಶಾರ್ಲೆಟ್.

ಅವಳ ಮುಂದೆ ಮೊಬೈಲು ಹಿಡಿದೆ. ಅವಳು ಒಂದೇ ಕಣ್ಣು ತೆರೆದು ನೋಡಿದಳು.

"ಇಪ್ಪತ್ತು ಎಂತ?"

"ಇಪ್ಪತ್ತು ನಿಮಿಷ! ಇಪ್ಪತ್ತು ಸೆಕೆಂಡು ಪಂಪು ಓಡಿಸುವವರು ಯಾರಾದರೂ ಇದ್ದಾರಾ?"

"ಅದು ನಮಗೆ ಗೊತ್ತುಂಟು ಡ್ಯಾಡಿ, ಪಂಪಿಗೆ ಗೊತ್ತಿಲ್ಲ. ಬರೀ ಸಂಖ್ಯೆ ಕೊಟ್ಟರೆ ಅದು ಸೆಕೆಂಡು ಅಂತಲೇ ಓದುತ್ತದೆ. ನಿಮಿಷ ಅಂತ ಬರೆಯಿರಿ."

ಬರೆದೆ. ಗಂಟೆ ಹೊಡೆಯುತ್ತಲೇ ಪಂಪು ಗುರುಗುಟ್ಟಿತು, ಈ ಸಲ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ನಲ್ಲಿಯಲ್ಲಿ ನೀರು, ಅಂಗಳದಲ್ಲಿ ಚಪ್ಪಾಳೆ. ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಎದೆಯುಬ್ಬಿತು. ಅಡಿಯಿಂದ ಮುಡಿಯವರೆಗೆ ಹಾಲಿನಲ್ಲಿ ನೆಂದು ಒಂದೇ ಕಣ್ಣಿನಲ್ಲಿ ತಪ್ಪು ಹಿಡಿದವಳು ನನ್ನ ಮಗಳು! ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಾ ತಿರುಗಿದೆ.

ಸ್ನಾನ ಮುಗಿಸಿ ಬಂದವಳ ಗಲ್ಲ ಹಿಡಿದು ಸೆವ್ರಿನ್ ಅಕ್ಕ ಎಲ್ಲರೆದುರು ಕೇಳಿದಳು, "ಇದೆಲ್ಲ ಯಾರಿಂದ ಕಲಿತೆ ಮಗಾ?"

"ಡ್ಯಾಡಿಯಿಂದಲೇ ಆಂಟಿ."

ನಾನು ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡೆ. ನಾಲ್ಕು ಮಾತಾಡೋಣವೆಂದು ಗಂಟಲನ್ನೂ ಸರಿಮಾಡಿಕೊಂಡೆ.

"ಸಣ್ಣದಿರುವಾಗಿನಿಂದ ಅವರು ಮಾಡಿಟ್ಟದ್ದನ್ನೆಲ್ಲ ರಿಪೇರಿ ಮಾಡಿ ಮಾಡಿಯೇ ಕಲಿತದ್ದು."