ಬಸ್ಸಿನ ಹಾಡು ಕಟ್ಟಿದವರು ಯಾರು?

ಹಾಡು ಹೇಳುವವನಿಗೆ ಒಂದು ಲೋಟ ಚಹಾ ಆದರೂ ಸಿಕ್ಕೀತು, ಹಾಡು ಕಟ್ಟಿದವನಿಗೆ ಮಾತ್ರ ನಮ್ಮ ಸೀಮೆಯಲ್ಲಿ ಹೆಸರೂ ಸಿಗುವುದಿಲ್ಲ. ಐವತ್ತರ ದಶಕ ಮುಗಿಯುವ ಹೊತ್ತಿಗೆ, ನನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಹಾರ್ಮೋನಿಯಂ ಹೊತ್ತು ಊರೂರು ತಿರುಗುತ್ತಿದ್ದೆ. ದುಂಡಸಿಯ ನಮ್ಮ ಓಣಿಯ ಹುಡುಗಿಯೊಬ್ಬಳು ತಿರುಗಿಯೂ ನೋಡದೆ ಶಿಗ್ಗಾಂವಿ ಬಸ್ಸು ಹತ್ತಿದಳು. ಆ ಸಂಕಟಕ್ಕೆ ಒಂದು ಹಾಡು ಕಟ್ಟಿದ್ದೆ. ಅದು ನನ್ನದು ಅಂತ ಒಬ್ಬರಾದರೂ ಒಪ್ಪಲಿ ಎಂಬುದೊಂದೇ ನನ್ನ ಆಸೆ.

ಶಿಗ್ಗಾಂವಿಯ ಮದುವೆ

ಆ ಹಾಡು ಹಾಡಿ ಮುಗಿಸಿದ ಮೇಲೆ ಬೀಗರ ಕಡೆಯ ಹಿರಿಯರೊಬ್ಬರು ಕರೆದರು. "ಭಾಳ ಚಲೋ ಹಾಡಿದಿ ತಮ್ಮಾ. ಯಾವ ಸಿನಿಮಾದ್ದು?"

"ನಾನ ಕಟ್ಟೇನ್ರಿ."

"ಅದು ಇರಲಿ. ಸಿನಿಮಾ ಯಾವುದು?"

ಮೂರು ಸಲ ಹೇಳಿದೆ. ಕೊನೆಗೆ ಅವರು ಪಕ್ಕದವರಿಗೆ, "ಪಾಪ, ಸಿನಿಮಾದ ಹೆಸರು ಮರತಾನ" ಎಂದರು.

ಸವಣೂರಿನ ಎಲೆ ಅಂಗಡಿ

ವೀಳ್ಯದೆಲೆ ಮಾರುವ ಸಾಹೇಬರು ಅದೇ ಹಾಡನ್ನು ಕಣ್ಣುಮುಚ್ಚಿ ಕೇಳಿ, "ಎರಡನೇ ಸಾಲು ತಪ್ಪೈತಿ" ಎಂದರು. "ಹಾನಗಲ್ಲ ಭಜನಿ ಮೇಳದವರು ಬ್ಯಾರೆ ಹಾಡ್ತಾರ. ಅವರ ಕಡೆ ಹೋಗಿ ಕಲತು ಬರ್ರಿ."

ನನ್ನ ಹಾಡನ್ನು ನಾನು ಹೋಗಿ ಕಲಿಯಬೇಕಂತೆ.

ಹಾನಗಲ್ಲಿನ ಭಜನೆ

ಮೈಯೆಲ್ಲ ಉರಿಯಿತು, ಹೋದೆ. ತಾಳ ಹಾಕಿಕೊಂಡು ನನ್ನ ಹಾಡನ್ನೇ ಹಾಡುತ್ತಿದ್ದರು. ಕೊನೆಗೆ ತಮ್ಮೂರ ದೇವರ ಅಂಕಿತ ಬೇರೆ ಸೇರಿಸಿದ್ದರು. ಮೇಳದ ಹಿರಿಯರು ನನಗೇ ಅರ್ಥ ಬಿಡಿಸಿದರು. "ಬಸ್ಸು ಅಂದ್ರ ಈ ದೇಹ. ಕಂಡಕ್ಟರ್ ಅಂದ್ರ ಗುರು. ಹತ್ತಿದಾಕಿ ಜೀವಾತ್ಮ."

"ಆಕಿ ನಮ್ಮ ಓಣಿ ಹುಡುಗಿರಿ. ಹಾಡು ಕಟ್ಟಿದಾವ ನಾನು."

"ಹಂಗಾರ ನಿನ್ನ ಅಂಕಿತ ಎಲ್ಲೈತಿ? ಕೊನೀಗೆ ಹೆಸರಿಲ್ಲಂದ್ರ ಹಾಡು ಯಾರದೂ ಅಲ್ಲ. ನಾವು ದೇವರಿಗೆ ಬಿಟ್ಟೇವಿ. ದೇವರ ಮ್ಯಾಲೆ ತಕರಾರು ಮಾಡ್ತೀ ಏನು?"

ಹಿರೇಕೆರೂರಿನ ಕಟ್ಟೆ

ಜಿದ್ದಿಗೆ ಬಿದ್ದು, ಕೊನೆಯ ಸಾಲಿನಲ್ಲಿ 'ದುಂಡಸಿ ಶಿವಪ್ಪ' ಎಂದು ನನ್ನ ಹೆಸರನ್ನೇ ಕೂರಿಸಿದೆ. ಇನ್ನು ಯಾರು ಏನು ಮಾಡುತ್ತಾರೋ ನೋಡೋಣ ಎಂದು ಹಿರೇಕೆರೂರಿನಲ್ಲಿ ಹಾಡಿದೆ. ಮುದುಕರೊಬ್ಬರು ಕಣ್ಣೊರೆಸಿಕೊಂಡು, "ದುಂಡಸಿ ಶಿವಪ್ಪನವರು ದೊಡ್ಡ ಶರಣರು" ಎಂದರು.

"ಶಿವಪ್ಪ ಅಂದ್ರ ನಾನರಿ."

ಅವರ ಮುಖ ಕೆಂಪಾಯಿತು. "ದೊಡ್ಡವರ ಹೆಸರು ಹೇಳಿಕೊಂಡು ತಿರಗಾಕ ನಾಚಿಕಿ ಬರೂದಿಲ್ಲ? ಅವರ ಗದ್ದಿಗಿ ಅಬಲೂರ ದಾರಿಯಾಗ ಐತಿ. ನಮ್ಮಜ್ಜ ನೋಡಿದ್ದ."

"ನಿಮ್ಮಜ್ಜನ ಕಾಲದಾಗ ಬಸ್ಸು ಎಲ್ಲಿತ್ರಿ?" ಎಂದು ಕೂಗಾಡಿದೆ.

"ಇರಲಿಲ್ಲ. ಮುಂದ ಬಸ್ಸು ಬರತೈತಿ ಅಂತ ಶರಣರಿಗೆ ಆಗಲೇ ಗೊತ್ತಿತ್ತು. ನಿನಗ ಗೊತ್ತಿತ್ತೇನು?"

ಸುತ್ತ ನಿಂತವರು ತೋಳೇರಿಸತೊಡಗಿದ್ದರು. ಅಬಲೂರಿನ ಕಡೆ ಮುಖಮಾಡಿ, ನನ್ನ ಗದ್ದುಗೆಗೆ ನಾನೇ ಕೈಮುಗಿದು, ತಪ್ಪಾಯಿತು ಎಂದು ಮೂರು ಸಲ ಹೇಳಿದ ಮೇಲೆ ಬಿಟ್ಟರು.